ಗೋಡೆ ಒಡೆಯುವ ಮುನ್ನ ಮನೆಯವರ ಮಾತು ಕೇಳಿ

ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ಪಾಲಕೋಡಿನಲ್ಲಿ ಮನೆ ಕಟ್ಟುವವರಿಗೆ ಸಲಹೆ ಹೇಳುವ ಜನ ಬೇಕಾದಷ್ಟಿದ್ದಾರೆ. ಆಯ ನೋಡುವವರು, ವಾಸ್ತು ಹೇಳುವವರು, ಚದರಡಿ ಲೆಕ್ಕದಲ್ಲಿ ಕೂಲಿ ಮಾತಾಡುವ ಮೇಸ್ತ್ರಿಗಳು, ಬ್ಯಾಂಕ್ ಸಾಲಕ್ಕಾಗಿ ಬೆಲೆ ಕಟ್ಟುವ ಎಂಜಿನಿಯರುಗಳು ಎಲ್ಲರೂ ಇದ್ದಾರೆ. ಆದರೆ ಕಟ್ಟಿ ಹತ್ತು ವರ್ಷವಾದ ಮನೆಯ ಗೋಡೆ ಒಂದು ದಿನ ಬಿರುಕು ಬಿಟ್ಟರೆ, ನೆಲ ಕುಸಿದರೆ, ನಲ್ಲಿ ಮುಟ್ಟಿದ ಕೈಗೆ ಕರೆಂಟು ಹೊಡೆದರೆ, ಅದು ಏಕಾಯಿತೆಂದು ನೋಡಿ ಹೇಳುವವರು ಸಿಗುವುದು ಕಷ್ಟ. ಬೆಂಗಳೂರು, ಚೆನ್ನೈಗಳಲ್ಲಿ ಫ್ಲ್ಯಾಟ್ ಕೊಳ್ಳುವವರು ಈಗ ಮನೆ ಪರೀಕ್ಷಕರನ್ನು ಕರೆಸಿಕೊಳ್ಳುತ್ತಾರೆ. ನಮ್ಮ ಊರಿನಲ್ಲಿ ಅಂಥ ಕೆಲಸ ಒಂದಿದೆ ಎಂದೇ ಬಹಳ ಮಂದಿಗೆ ಗೊತ್ತಿಲ್ಲ. ತೊಂದರೆ ಕಂಡಾಗ ಮೊದಲು ಬರುವವರು ಬಣ್ಣದವರು, ಆಮೇಲೆ ಟೈಲ್ಸಿನವರು. ಅದೂ ಆಗದಿದ್ದರೆ ಜೋಯಿಸರು. ಮೂವರಿಗೂ ದುಡ್ಡು ಕೊಟ್ಟು ಸೋತ ಮೇಲೆ ನನ್ನಂಥ ಸಿವಿಲ್ ಎಂಜಿನಿಯರಿನ ಸರದಿ ಬರುತ್ತದೆ.

ಇಷ್ಟು ವರ್ಷ ಮನೆಗಳನ್ನು ನೋಡುತ್ತಾ ಬಂದವನಾಗಿ ಒಂದು ಮಾತು ಹೇಳಬೇಕಾಗಿದೆ. ಮನೆಯ ವಿಚಿತ್ರ ತೊಂದರೆಗಳಲ್ಲಿ ಹೆಚ್ಚಿನವಕ್ಕೆ ಕಾರಣ ಆ ಮನೆಯವರ ದಿನಚರಿಯಲ್ಲೋ, ಆ ಜಾಗದ ಹಳೆಯ ಕಥೆಯಲ್ಲೋ ಇರುತ್ತದೆ. ಬೆಳಿಗ್ಗೆ ಯಾವ ನೀರು ಹಿಡಿಯುತ್ತಾರೆ, ಯಾವ ಕೋಣೆಯ ಕಿಟಕಿ ಮುಚ್ಚಿರುತ್ತದೆ, ತಾರಸಿಯ ಮೇಲೆ ಏನು ಒಣಗಿಸುತ್ತಾರೆ, ಈಗ ಮಲಗುವ ಕೋಣೆ ತಾತನ ಕಾಲದಲ್ಲಿ ಏನಾಗಿತ್ತು ಎಂಬುದನ್ನು ಕೇಳದೆ ಗೋಡೆಗೆ ಉಳಿ ಹಾಕಿದರೆ ಉತ್ತರ ಸಿಗುವುದಿಲ್ಲ. ಆ ಉತ್ತರ ಗೊತ್ತಿರುವವರು ಮನೆಯೊಳಗೇ ಇರುತ್ತಾರೆ, ಹೆಚ್ಚಾಗಿ ಹೆಂಗಸರು ಮತ್ತು ಮುದುಕರು. ಅವರನ್ನು ಯಾರೂ ಕೇಳಿರುವುದಿಲ್ಲ, ಅಷ್ಟೇ.

ಈ ಸೀಮೆಯ ಮನೆಗಳು ಒಂದೇ ಬಗೆಯವಲ್ಲ. 1792ರ ಶ್ರೀರಂಗಪಟ್ಟಣದ ಒಪ್ಪಂದದವರೆಗೆ ಮೈಸೂರಿನ ಕೈಯಲ್ಲಿದ್ದ ಬಾರಾಮಹಲ್ ಇದು. ಆಮೇಲೆ ಸೇಲಂ ಜಿಲ್ಲೆಗೆ ಸೇರಿ, 1965ರಲ್ಲಿ ಧರ್ಮಪುರಿ ಜಿಲ್ಲೆಯಾಯಿತು. ಮಾರಂಡಹಳ್ಳಿ ಕಡೆ ಹೋದರೆ ಒಂದೇ ಬೀದಿಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಕೇಳಿಸುತ್ತವೆ. ಮನೆಗಳೂ ಹಾಗೆಯೇ: ಮಣ್ಣಿನ ಗೋಡೆಗೆ ನಾಡಹೆಂಚು, ಕಲ್ಲುಚಪ್ಪಡಿಯ ಸೂರು, ತೊಲೆಯ ಮೇಲೆ ಇಟ್ಟಿಗೆ ಕೂರಿಸಿ ಸುಣ್ಣದ ಗಾರೆ ಬಡಿದ ಮದ್ರಾಸ್ ತಾರಸಿ, ಈಗಿನ ಕಾಂಕ್ರೀಟು. ಎಷ್ಟೋ ಮನೆಗಳಲ್ಲಿ ಇವೆಲ್ಲ ಒಂದೇ ಸೂರಿನಡಿ ಇರುತ್ತವೆ. ಬೀದಿ ಕಡೆಗೆ ಮಗ ಕಟ್ಟಿಸಿದ ಕಾಂಕ್ರೀಟು, ಹಿತ್ತಲ ಕಡೆಗೆ ಅಪ್ಪ ಕಟ್ಟಿಸಿದ ಹೆಂಚು. ಹಳೆಯ ಗೋಡೆಯ ಅಡಿಪಾಯ ಬೇರೆ, ಹೊಸದರದು ಬೇರೆ. ಹಳೆಯದು ಇಳಿಯುವಷ್ಟು ಇಳಿದು ನಿಂತಿರುತ್ತದೆ, ಹೊಸದು ಇನ್ನೂ ಇಳಿಯುತ್ತಿರುತ್ತದೆ. ಅವೆರಡೂ ಕೂಡುವ ಕಡೆ ಮೇಲಿಂದ ಕೆಳಗೆ ನೇರವಾದ ಬಿರುಕು ಬಂದೇ ಬರುತ್ತದೆ. ಅದಕ್ಕೆ ಯಾರ ಕಣ್ಣೂ ತಾಗಿರುವುದಿಲ್ಲ. ಸಿಮೆಂಟು ತುಂಬಿ ಮುಚ್ಚಿದರೆ ಅದೇ ಜಾಗದಲ್ಲಿ ಮತ್ತೆ ಬಿಡುತ್ತದೆ. ಎರಡರ ನಡುವೆ ಮೊದಲೇ ಸಂದು ಬಿಟ್ಟು, ಮೇಲೆ ನೀರು ಇಳಿಯದಂತೆ ತಗಡಿನ ಹೊದಿಕೆ ಕೊಟ್ಟಿದ್ದರೆ ಆ ಬಿರುಕಿಗೆ ಹೆದರಬೇಕಾಗಿಯೇ ಇರಲಿಲ್ಲ.

ಮಳೆಯಿಲ್ಲದ ದಿನ ಬೆವರುವ ಗೋಡೆ

ಹೆಚ್ಚಾಗಿ ಕೇಳಿಬರುವ ದೂರು ಗೋಡೆಯ ಬಿಳಿ ಪುಡಿಯದು. ನೆಲದಿಂದ ಮೊಣಕಾಲೆತ್ತರದವರೆಗೆ ಬಣ್ಣ ಉಬ್ಬಿ, ಪೊರೆ ಬಿಟ್ಟು, ಒಳಗಿನ ಗಾರೆ ಹಿಟ್ಟಿನಂತೆ ಉದುರುತ್ತದೆ. ಮಣ್ಣಿನಲ್ಲಿರುವ ನೀರನ್ನು ಇಟ್ಟಿಗೆ ತನ್ನ ಸಣ್ಣ ರಂಧ್ರಗಳಿಂದ ಮೇಲಕ್ಕೆ ಎಳೆದುಕೊಳ್ಳುತ್ತದೆ. ನೀರಿನ ಜೊತೆ ಕರಗಿದ ಉಪ್ಪೂ ಏರುತ್ತದೆ. ಗೋಡೆಯ ಮೈಗೆ ಬಂದ ನೀರು ಆವಿಯಾಗುತ್ತದೆ, ಉಪ್ಪು ಅಲ್ಲೇ ಹರಳುಗಟ್ಟಿ ಬಣ್ಣವನ್ನೂ ಗಾರೆಯನ್ನೂ ಹೊರಕ್ಕೆ ತಳ್ಳುತ್ತದೆ. ಅಡಿಪಾಯದ ಮೇಲೆ ನೀರು ಏರದಂತೆ ಹಾಕಬೇಕಾದ ಕಾಂಕ್ರೀಟು ಪಟ್ಟಿ, ಮೇಸ್ತ್ರಿಗಳು ಡಿಪಿಸಿ ಎನ್ನುವುದು, ಇಲ್ಲದಿದ್ದರೆ ಹೀಗಾಗುತ್ತದೆ. ಇದಕ್ಕೆ ಜನ ಮಾಡುವ ಮೊದಲ ಮದ್ದು ಗೋಡೆಗೆ ಮೂರಡಿ ಟೈಲ್ಸ್ ಅಂಟಿಸುವುದು. ಆಗ ಆವಿಯಾಗಲು ದಾರಿ ಸಿಗದ ನೀರು ಟೈಲ್ಸಿನ ಹಿಂದೆ ಇನ್ನೂ ಮೇಲೇರಿ, ಟೈಲ್ಸ್ ಮುಗಿದ ಕಡೆ ಉಕ್ಕುತ್ತದೆ.

ಇದರಲ್ಲಿ ಇನ್ನೊಂದು ವಿಚಿತ್ರ ಬಗೆಯಿದೆ. ಕೆಲವು ಮನೆಗಳಲ್ಲಿ ಒಂದೇ ಒಂದು ಕೋಣೆಯ ಗೋಡೆ, ಮಳೆ ಬಾರದಿದ್ದರೂ, ಬರಿ ಮೋಡ ಕವಿದ ದಿನವೇ ಒದ್ದೆಯಾಗಿ ಹೊಳೆಯುತ್ತದೆ. ಬಿಸಿಲು ಬಂದರೆ ಒಣಗುತ್ತದೆ. ಪೈಪ್ ಒಡೆದಿದೆಯೆಂದು ನೆಲ ಅಗೆದವರಿದ್ದಾರೆ. ಅಂಥ ಕಡೆ ನಾನು ಮನೆಯ ಹಿರಿಯರನ್ನು ಮೊದಲು ಕೇಳುವುದು, “ಇಲ್ಲಿ ಮುಂಚೆ ದನ ಕಟ್ತಾ ಇದ್ರಾ?” ಎಂದು. ಬಹಳ ಸಲ ಉತ್ತರ ಹೌದು. ದನದ ಗಂಜಲ ವರ್ಷಗಟ್ಟಲೆ ಇಂಗಿದ ನೆಲದಲ್ಲಿ ನೈಟ್ರೇಟ್ ಲವಣಗಳು ಸೇರಿಕೊಂಡಿರುತ್ತವೆ. ಹಿಂದೆ ಮದ್ದಿನ ಪುಡಿಗಾಗಿ ಪೆಟ್ಲುಪ್ಪು ತೆಗೆಯುತ್ತಿದ್ದವರು ಇಂಥ ಮಣ್ಣನ್ನೇ ಹುಡುಕಿಕೊಂಡು ಹೋಗುತ್ತಿದ್ದರು. ಈ ಲವಣಗಳಲ್ಲಿ ಕೆಲವು ಗಾಳಿಯ ತೇವವನ್ನೇ ಹೀರಿಕೊಂಡು ಕರಗುತ್ತವೆ. ಹಾಗಾಗಿ ಗೋಡೆಯೇ ಬೆವರಿದಂತೆ ಕಾಣುತ್ತದೆ. ಕೊಟ್ಟಿಗೆ ಕೋಣೆಯಾಗಿದ್ದನ್ನು ಎಂಜಿನಿಯರಿಗೆ ಯಾರೂ ಹೇಳಿರುವುದಿಲ್ಲ, ಅಜ್ಜಿಗೆ ಮಾತ್ರ ನೆನಪಿರುತ್ತದೆ. ಅಂಥ ಗೋಡೆಯ ಹಳೆ ಗಾರೆಯನ್ನು ಪೂರ್ತಿ ಕೆತ್ತಿ ಮನೆಯಿಂದ ಹೊರಗೆ ಸಾಗಿಸಬೇಕು, ಗೋಡೆಯನ್ನು ಒಣಗಲು ಬಿಡಬೇಕು, ಆಮೇಲೆ ಉಸಿರಾಡುವ ಸುಣ್ಣದ ಗಾರೆ ಬಳಿಯಬೇಕು. ಎಣ್ಣೆ ಬಣ್ಣ ಹೊಡೆದರೆ ತೊಂದರೆ ಹೆಚ್ಚುತ್ತದೆ.

ತೇವ ಗೋಡೆಯೊಳಗಿಂದ ಬರುತ್ತಿದೆಯೋ ಕೋಣೆಯ ಗಾಳಿಯಿಂದಲೋ ಎಂದು ತಿಳಿಯಲು ಯಂತ್ರ ಬೇಕಿಲ್ಲ. ಒಂದಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪು ಹಾಕಿ ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಒಳಮೈ ಒದ್ದೆಯಾಗಿದ್ದರೆ ನೀರು ಗೋಡೆಯದು, ಹೊರಮೈ ಒದ್ದೆಯಾಗಿದ್ದರೆ ಕೋಣೆಯ ಗಾಳಿಯದು. ಮೊದಲನೆಯದಕ್ಕೆ ಅಡಿಪಾಯ ನೋಡಬೇಕು, ಎರಡನೆಯದಕ್ಕೆ ಕಿಟಕಿ ತೆರೆದರೆ ಸಾಕು.

ಎರಡು ನೀರು, ಒಂದು ಸಂಪು

ಗೋಡೆಯ ಉಪ್ಪಿನ ಇನ್ನೊಂದು ಮೂಲ ಕಟ್ಟುವಾಗ ಬಳಸಿದ ನೀರು. ನಮ್ಮಲ್ಲಿ ಬೋರ್ ನೀರನ್ನು ಉಪ್ಪು ನೀರು ಎಂದೇ ಕರೆಯುತ್ತೇವೆ, ಆದರೂ ಕಾಂಕ್ರೀಟಿಗೆ ಅದನ್ನೇ ಸುರಿಯುತ್ತೇವೆ. ಕಂಬಿ ಹಾಕಿದ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಲೀಟರಿಗೆ 500 ಮಿಲಿಗ್ರಾಂಗಿಂತ ಹೆಚ್ಚು ಕ್ಲೋರೈಡ್, 400 ಮಿಲಿಗ್ರಾಂಗಿಂತ ಹೆಚ್ಚು ಸಲ್ಫೇಟ್ ಇರಬಾರದೆಂದು ಭಾರತೀಯ ಮಾನಕ 456 ಹೇಳುತ್ತದೆ. ಅಡಿಪಾಯ ತೋಡುವ ಮುನ್ನ ಒಂದು ಬಾಟಲಿ ನೀರನ್ನು ಪರೀಕ್ಷೆಗೆ ಕೊಡುವ ಖರ್ಚು ಗೃಹಪ್ರವೇಶದ ಶಾಮಿಯಾನದ ಖರ್ಚಿಗೂ ಸಮವಲ್ಲ.

ಆದರೆ ನೀರಿನ ವಿಷಯದಲ್ಲಿ ನನ್ನನ್ನು ಗೋಡೆಗಿಂತ ಹೆಚ್ಚು ಕಾಡುವುದು ಸಂಪು. ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ನೆಲದಡಿ ಇರುವುದು ಗ್ರಾನೈಟು ಮತ್ತು ನೈಸ್ ಶಿಲೆ. ಅದರ ಖನಿಜಗಳಿಂದ ಫ್ಲೋರೈಡ್ ಕರಗಿ ಕೊಳವೆಬಾವಿಗೆ ಬರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ, ಬೇರೆ ದಾರಿಯೇ ಇಲ್ಲದಾಗ 1.5ರವರೆಗೆ ಒಪ್ಪಬಹುದು. ಅದನ್ನು ಮೀರಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಬರುತ್ತದೆ, ಇನ್ನೂ ಹೆಚ್ಚಾಗಿ ವರ್ಷಗಟ್ಟಲೆ ಕುಡಿದರೆ ಮೂಳೆ ಮತ್ತು ಕೀಲುಗಳು ಬಿಗಿಯುತ್ತವೆ. ಇದಕ್ಕಾಗಿಯೇ ಜಪಾನಿನ ನೆರವಿನಿಂದ ಹೊಗೇನಕಲ್ ಕುಡಿಯುವ ನೀರು ಮತ್ತು ಫ್ಲೋರೋಸಿಸ್ ನಿವಾರಣಾ ಯೋಜನೆ ಬಂದು, 2013ರಲ್ಲಿ ಕಾವೇರಿ ನೀರು ಈ ಎರಡು ಜಿಲ್ಲೆಗಳಿಗೆ ಹರಿಯಿತು. ಸಾವಿರಾರು ಕೋಟಿಯ ಲೆಕ್ಕದಲ್ಲಿ ಮಾತಾಡಬೇಕಾದ ಯೋಜನೆ ಅದು. ಅಷ್ಟು ದೂರದಿಂದ ಬಂದ ನೀರು ಕೊನೆಯ ಹತ್ತಡಿಯಲ್ಲಿ ಕೆಡುವುದನ್ನು ನಾನು ಮನೆ ಮನೆಯಲ್ಲೂ ನೋಡುತ್ತೇನೆ. ಹೊಗೇನಕಲ್ ನೀರೂ ಬೋರ್ ನೀರೂ ಒಂದೇ ಸಂಪಿಗೆ ಬೀಳುತ್ತವೆ, ಅಲ್ಲಿಂದ ಒಂದೇ ಟ್ಯಾಂಕಿಗೆ ಏರುತ್ತವೆ, ಅಡುಗೆಮನೆಗೂ ಬಚ್ಚಲಿಗೂ ಒಂದೇ ಪೈಪ್ ಇಳಿಯುತ್ತದೆ. “ನಾವು ಕಾಯಿಸಿಯೇ ಕುಡೀತೀವಿ ಸಾರ್” ಎಂದು ಅಕ್ಕಂದಿರು ಧೈರ್ಯದಿಂದ ಹೇಳುತ್ತಾರೆ. ಕಾಯಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ.

ಇದನ್ನು ಸರಿಪಡಿಸಲು ಮನೆ ಒಡೆಯಬೇಕಿಲ್ಲ. ಅಡುಗೆಮನೆಗೆ ಪ್ರತ್ಯೇಕವಾಗಿ ಒಂದು ಸಣ್ಣ ಟ್ಯಾಂಕು, ಅದಕ್ಕೆ ಕಾವೇರಿ ನೀರು ಮಾತ್ರ ಬರುವ ಪೈಪು ಇದ್ದರೆ ಸಾಕು. ಪ್ಲಂಬರಿಗೆ ಒಂದು ದಿನದ ಕೆಲಸ.

ಸಂಪಿನ ಹತ್ತಿರವೇ ಸೆಪ್ಟಿಕ್ ಟ್ಯಾಂಕ್ ಇರುವುದು ಇನ್ನೊಂದು ತೊಂದರೆ. ಕುಡಿಯುವ ನೀರಿನ ಬಾವಿಗೂ ಇಂಗುಗುಂಡಿಗೂ ಕನಿಷ್ಠ 18 ಮೀಟರ್ ಅಂತರ ಇರಬೇಕೆನ್ನುತ್ತದೆ ಮಾನಕ. ನಮ್ಮ ಮೂರು ಸೆಂಟಿನ ಜಾಗವನ್ನು ಮೂಲೆಯಿಂದ ಮೂಲೆಗೆ ಅಳೆದರೂ 18 ಮೀಟರ್ ಸಿಗುವುದು ಕಷ್ಟ. ಹಾಗಾಗಿ ಸೆಪ್ಟಿಕ್ ಟ್ಯಾಂಕನ್ನು ಸೋರದಂತೆ ಕಟ್ಟಿ, ಮನೆಯ ಇಳಿಜಾರಿನ ಕಡೆಗೆ ಇಡಬೇಕು. ಸಂಪು ಏರು ಕಡೆಗಿರಬೇಕು, ಅದರ ಬಾಯಿ ನೆಲಮಟ್ಟಕ್ಕಿಂತ ಒಂದಡಿಯಾದರೂ ಮೇಲಿರಬೇಕು. ಮಳೆ ಬಂದ ಮರುದಿನ ಸಂಪಿನ ನೀರು ಕಲಕಿ ವಾಸನೆ ಬರುತ್ತಿದ್ದರೆ ಅದನ್ನು ಬಾಯಿಗೆ ಹಾಕಬಾರದು.

2003ರಲ್ಲಿ ತಮಿಳುನಾಡು ಸರ್ಕಾರ ಪ್ರತಿ ಮನೆಗೂ ಮಳೆನೀರು ಕೊಯ್ಲು ಕಡ್ಡಾಯ ಮಾಡಿತು. ಬಹಳ ಒಳ್ಳೆಯ ಕಾನೂನು. ಆದರೆ ಗಡುವಿನ ಅವಸರದಲ್ಲಿ ಗುಂಡಿಗಳನ್ನು ಎಷ್ಟೋ ಕಡೆ ಗೋಡೆಯ ಬುಡಕ್ಕೇ ತೋಡಿಬಿಟ್ಟರು. ತಾರಸಿಯ ನೀರೆಲ್ಲ ಅಡಿಪಾಯಕ್ಕೆ ಇಂಗಿ, ಆ ಮೂಲೆಯೇ ಇಳಿದು, ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಏರಿರುವುದನ್ನು ನೋಡಿದ್ದೇನೆ. ಗುಂಡಿಯನ್ನು ಗೋಡೆಯಿಂದ ಕೆಲವು ಅಡಿ ದೂರಕ್ಕೆ ಸರಿಸಿದರೆ ನೀರೂ ಉಳಿಯುತ್ತದೆ, ಮನೆಯೂ ಉಳಿಯುತ್ತದೆ.

ಹುಳು ಸಾಕಿದ ಕೋಣೆ

ಇಡೀ ಮನೆ ಗಟ್ಟಿಯಾಗಿದ್ದು ಒಂದೇ ಕೋಣೆಯ ಸೂರಿನಿಂದ ಕಾಂಕ್ರೀಟು ಚಕ್ಕೆ ಚಕ್ಕೆಯಾಗಿ ಬೀಳುವುದು, ಒಳಗಿನ ಕಂಬಿ ಕೆಂಪಗೆ ತುಕ್ಕು ಹಿಡಿದು ಕಾಣುವುದು ಈ ಜಿಲ್ಲೆಯಲ್ಲಿ ನಾನು ಕಂಡ ವಿಶೇಷ. ಮೇಸ್ತ್ರಿ ಮೋಸ ಮಾಡಿದನೆಂದೇ ಮನೆಯವರ ಎಣಿಕೆ. ಮೋಸವಾಗಿದ್ದರೆ ಒಂದೇ ದಿನ ಹಾಕಿದ ಕಾಂಕ್ರೀಟು ಪಕ್ಕದ ಕೋಣೆಯಲ್ಲೂ ಉದುರಬೇಕಿತ್ತು. ಆ ಕೋಣೆಯಲ್ಲಿ ಏನು ಮಾಡುತ್ತಿದ್ದಿರಿ ಎಂದು ಕೇಳಿದರೆ ಗುಟ್ಟು ಹೊರಬೀಳುತ್ತದೆ. ಅದು ಹುಳು ಮನೆಯಾಗಿರುತ್ತದೆ.

ರೇಷ್ಮೆ ಈ ಜಿಲ್ಲೆಯ ಎಷ್ಟೋ ಕುಟುಂಬಗಳಿಗೆ ಅನ್ನ ಕೊಟ್ಟ ಬೆಳೆ. ಧರ್ಮಪುರಿಯ ಸರ್ಕಾರಿ ಗೂಡಿನ ಮಾರುಕಟ್ಟೆಗೆ ಹೋದರೆ ಅದು ಗೊತ್ತಾಗುತ್ತದೆ. ಬೇರೆ ಶೆಡ್ ಕಟ್ಟಲು ಕೈಯಲ್ಲಿ ದುಡ್ಡಿಲ್ಲದವರು ಮನೆಯ ಒಂದು ಕೋಣೆಯನ್ನೇ ಹುಳುವಿಗೆ ಬಿಟ್ಟುಕೊಟ್ಟು ತಾವು ಪಡಸಾಲೆಯಲ್ಲಿ ಮಲಗುತ್ತಾರೆ. ಹುಳುವಿಗೆ 24ರಿಂದ 28 ಡಿಗ್ರಿ ಶಾಖ, ಶೇಕಡಾ 70ರಿಂದ 85ರಷ್ಟು ತೇವ ಬೇಕು. ಅದಕ್ಕಾಗಿ ಒದ್ದೆ ಗೋಣಿ ಕಟ್ಟುತ್ತಾರೆ, ಕಿಟಕಿ ಮುಚ್ಚುತ್ತಾರೆ. ಪ್ರತಿ ಬೆಳೆಗೂ ಮುನ್ನ ರೋಗ ಬಾರದಂತೆ ಕೋಣೆಯನ್ನು ತೊಳೆಯಬೇಕು. ಶೇಕಡಾ 2ರಷ್ಟು ಬ್ಲೀಚಿಂಗ್ ಪುಡಿಯನ್ನು ಸುಣ್ಣದ ನೀರಿನಲ್ಲಿ ಕಲಸಿ ಗೋಡೆ, ಸೂರು, ನೆಲಕ್ಕೆಲ್ಲ ಸಿಂಪಡಿಸುವುದು ರೂಢಿ. ವರ್ಷಕ್ಕೆ ಹಲವು ಬೆಳೆ, ಹಲವು ವರ್ಷ. ಬ್ಲೀಚಿಂಗ್ ಪುಡಿಯ ಕ್ಲೋರೈಡ್ ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಕಾಂಕ್ರೀಟಿನೊಳಗೆ ಇಳಿಯುತ್ತದೆ.

ಒಳ್ಳೆಯ ಕಾಂಕ್ರೀಟು ಬಲವಾದ ಕ್ಷಾರ. ಅದರೊಳಗೆ ಕಂಬಿಯ ಮೈಮೇಲೆ ತೆಳುವಾದ ಪೊರೆಯೊಂದು ಕಟ್ಟಿ ತುಕ್ಕು ತಡೆಯುತ್ತದೆ. ಕ್ಲೋರೈಡ್ ಆ ಪೊರೆಯನ್ನು ಮುರಿಯುತ್ತದೆ. ತುಕ್ಕಾದ ಕಬ್ಬಿಣ ಮೊದಲಿಗಿಂತ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ಒಳಗಿನಿಂದ ಹಿಗ್ಗಿದ ಕಂಬಿ ಕೆಳಗಿನ ಕಾಂಕ್ರೀಟನ್ನು ಒಡೆದು ಬೀಳಿಸುತ್ತದೆ. ಕಂಬಿಯ ಕೆಳಗೆ 20 ಮಿಲಿಮೀಟರ್ ಕಾಂಕ್ರೀಟು ಇರಬೇಕಾದ ಕಡೆ ಕವರ್ ಬ್ಲಾಕ್ ಇಡದೆ ಕಂಬಿ ಸೆಂಟ್ರಿಂಗ್ ಹಲಗೆಗೇ ತಾಗಿದ್ದರೆ ಇದು ಇನ್ನೂ ಬೇಗ ಆಗುತ್ತದೆ.

ಹುಳು ಸಾಕಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆ ದುಡ್ಡಿನಿಂದಲೇ ಮನೆ ಎದ್ದಿರುತ್ತದೆ, ಮಕ್ಕಳು ಓದಿರುತ್ತಾರೆ. ಆದರೆ ಹುಳು ಮನೆಯ ಮೇಲೆ ಮಕ್ಕಳು ಮಲಗುವ ಕೋಣೆ ಕಟ್ಟುವ ಮುನ್ನ ಆ ಸೂರನ್ನು ಒಬ್ಬ ಎಂಜಿನಿಯರಿಗೆ ತೋರಿಸಿ. ಸುತ್ತಿಗೆಯಿಂದ ಮೆಲ್ಲನೆ ತಟ್ಟಿದಾಗ ಪೊಳ್ಳು ಸದ್ದು ಬಂದರೆ ಒಳಗೆ ಕಾಂಕ್ರೀಟು ಕಂಬಿಯಿಂದ ಬಿಟ್ಟುಕೊಂಡಿದೆ. ಅದಕ್ಕೆ ಬರಿ ಸಿಮೆಂಟು ಮೆತ್ತಿ ಬಣ್ಣ ಹೊಡೆದರೆ ಬೀಳುವ ಚೂರಿನ ತೂಕ ಹೆಚ್ಚುತ್ತದೆ, ಅಷ್ಟೇ. ಸಡಿಲವಾದದ್ದನ್ನೆಲ್ಲ ತೆಗೆದು, ತುಕ್ಕು ಉಜ್ಜಿ, ಬೇಕಾದ ಕಡೆ ಕಂಬಿ ಸೇರಿಸಿ ಮತ್ತೆ ಕಾಂಕ್ರೀಟು ಕಟ್ಟಬೇಕು.

ನೆಲದಡಿಯ ಹಗೇವು

ರಾಗಿಯ ಸೀಮೆಗಳಲ್ಲಿ ಕಾಣುವ ತೊಂದರೆ ಇದು. ಹೊಸದಾಗಿ ಟೈಲ್ಸ್ ಹಾಕಿದ ಪಡಸಾಲೆಯ ನಡುವೆ ನೆಲ ದುಂಡಗೆ ತಗ್ಗುತ್ತದೆ. ಗೋಡೆಗಳೆಲ್ಲ ನೆಟ್ಟಗಿವೆ, ಪೈಪ್ ಒಡೆದಿಲ್ಲ, ಹೆಗ್ಗಣದ ಬಿಲವಿಲ್ಲ. ತಟ್ಟಿದರೆ ಡೊಳ್ಳು ಸದ್ದು. ಕೆಳಗೆ ದೆವ್ವ, ನಿಧಿ ಎಂದು ಊರಲ್ಲಿ ಮಾತು ಹಬ್ಬುತ್ತದೆ.

ಹಿಂದೆ ರಾಗಿಯನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ಗಟ್ಟಿ ನೆಲ ನೋಡಿ ಹೂಜಿಯ ಆಕಾರದಲ್ಲಿ ತೋಡಿದ ಗುಂಡಿ ಅದು, ಬಾಯಿ ಕಿರಿದು, ಹೊಟ್ಟೆ ಅಗಲ. ಹುಲ್ಲು ಹಾಸಿ ರಾಗಿ ತುಂಬಿ, ಕಲ್ಲು ಮುಚ್ಚಿ, ಮೇಲೆ ಮಣ್ಣು ಮೆತ್ತಿದರೆ ಕಾಳು ವರ್ಷಗಳ ಕಾಲ ಕೆಡುತ್ತಿರಲಿಲ್ಲ. ಬರಗಾಲದಲ್ಲಿ ಊರನ್ನು ಉಳಿಸಿದ ಬುದ್ಧಿವಂತಿಕೆ ಅದು. ರಾಗಿ ಹೋಗಿ ಪಡಿತರದ ಅಕ್ಕಿ ಬಂತು, ಅಂಗಳ ಹೋಗಿ ಕೋಣೆ ಬಂತು. ಹಗೇವನ್ನು ತುಂಬಿಸದೆ, ಕಲ್ಲು ಮುಚ್ಚಿದಂತೆಯೇ ಅದರ ಮೇಲೆ ನೆಲ ಹಾಕಿದ ಮನೆಗಳಿವೆ. ಪಕ್ಕದಲ್ಲಿ ಹೊಸ ಬಚ್ಚಲು ಬಂದು ಅದರ ನೀರು ಇಂಗಿದಾಗ ಹಗೇವಿನ ಗೋಡೆಯ ಮಣ್ಣು ಸಡಿಲವಾಗಿ ಮೇಲಿನ ನೆಲ ಕೂರುತ್ತದೆ.

ಇದನ್ನು ಕಂಡುಹಿಡಿಯುವುದಕ್ಕೆ ನನ್ನ ಬಳಿ ಇರುವ ಅತ್ಯುತ್ತಮ ಸಾಧನ ಮನೆಯ ಅವ್ವ. “ಅಯ್ಯೋ, ಅಲ್ಲೇ ಅಲ್ವಾ ನಮ್ಮತ್ತೆ ರಾಗಿ ಹಾಕ್ತಾ ಇದ್ದದ್ದು” ಎಂದು ಬೆರಳು ತೋರಿಸಿದರೆ ಕೆಲಸ ಅರ್ಧ ಮುಗಿಯಿತು. ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳಬೇಕು. ಮುಚ್ಚಿದ ಹಗೇವಿನೊಳಗೆ ಆಮ್ಲಜನಕ ಕಡಿಮೆಯಾಗಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ಹಿರಿಯರು ದೀಪ ಇಳಿಸಿ ನೋಡಿಯೇ ಇಳಿಯುತ್ತಿದ್ದರು. ಈಗ ಇಳಿಯುವ ಅಗತ್ಯವೇ ಇಲ್ಲ. ಬಾಯನ್ನು ಅಗಲ ಮಾಡಿ, ಗಾಳಿಯಾಡಲು ಬಿಟ್ಟು, ಮೇಲಿಂದಲೇ ಗರಸು ಮಣ್ಣು ಮತ್ತು ಕಲ್ಲುಪುಡಿಯನ್ನು ಪದರ ಪದರವಾಗಿ ಸುರಿದು ದಿಮ್ಮಿಸಿ ಮುಚ್ಚಬೇಕು.

ರಾತ್ರಿಯ ಸದ್ದು

ಸೂರ್ಯ ಮುಳುಗಿದ ಮೇಲೆ ಮಾಳಿಗೆಯಲ್ಲಿ ಟಕ್ ಟಕ್ ಎಂದು ಸದ್ದು ಬರುತ್ತದೆ, ಯಾರೋ ನಡೆದಾಡಿದಂತಿದೆ ಎಂದು ಹೆದರಿ ಮನೆ ಬಿಟ್ಟವರನ್ನು ಕಂಡಿದ್ದೇನೆ. ಅವರ ಹೆದರಿಕೆ ನಿಜವಾದದ್ದು, ಅದನ್ನು ನಕ್ಕು ತಳ್ಳಿಹಾಕಬಾರದು. ಸದ್ದೂ ನಿಜವಾದದ್ದೇ. ಬೇಸಿಗೆಯ ಬಿಸಿಲಿಗೆ ಕಾಂಕ್ರೀಟಿನ ತಾರಸಿ ಕಾದು ಹಿಗ್ಗುತ್ತದೆ, ರಾತ್ರಿ ಆರಿ ಕುಗ್ಗುತ್ತದೆ. ಒಂದು ಡಿಗ್ರಿಗೆ ಒಂದು ಮೀಟರು ಕಾಂಕ್ರೀಟು ಮಿಲಿಮೀಟರಿನ ನೂರರಲ್ಲಿ ಒಂದು ಭಾಗ ಬೆಳೆಯುತ್ತದೆ. ಹತ್ತು ಮೀಟರ್ ಉದ್ದದ ತಾರಸಿ 25 ಡಿಗ್ರಿ ವ್ಯತ್ಯಾಸಕ್ಕೆ ಎರಡೂವರೆ ಮಿಲಿಮೀಟರ್ ಹಿಗ್ಗಿ ಕುಗ್ಗುತ್ತದೆ. ಕೆಳಗಿನ ಗೋಡೆ ಅಷ್ಟು ಕದಲುವುದಿಲ್ಲ. ಎರಡೂ ಒಂದನ್ನೊಂದು ಹಿಡಿದುಕೊಂಡು, ಬಿಗಿತ ಹೆಚ್ಚಿದಾಗ ತಟ್ಟನೆ ಜಾರುತ್ತವೆ. ಆ ಜಾರುವಿಕೆಯೇ ಸದ್ದು. ಗೋಡೆ ಸೂರಿಗೆ ತಾಗುವ ಕಡೆ ಉದ್ದಕ್ಕೂ ಅಡ್ಡ ಬಿರುಕು ಕಂಡರೆ ಇದೇ ಕಾರಣ. ತಾರಸಿಗೆ ಸುಣ್ಣ ಬಳಿದರೆ ಅಥವಾ ಬಿಳಿ ಟೈಲ್ಸ್ ಹಾಕಿಸಿದರೆ ಶಾಖ ಇಳಿಯುತ್ತದೆ, ಕದಲಿಕೆ ಇಳಿಯುತ್ತದೆ, ಒಳಗೆ ಮಲಗುವವರಿಗೂ ತಂಪು. ಅಳಲೆಕಾಯಿ ಮತ್ತು ಬೆಲ್ಲದ ನೀರು ಸೇರಿಸಿ ಸುಣ್ಣ, ಇಟ್ಟಿಗೆ ಜಲ್ಲಿ ಬಡಿಯುತ್ತಿದ್ದ ಹಳೆಯ ತಾರಸಿಯ ಪದರ ಮಾಡುತ್ತಿದ್ದದ್ದು ಇದನ್ನೇ. ಬೆಲ್ಲ ಬೇಯಿಸುವ ಈ ಸೀಮೆಯಲ್ಲಿ ಆ ವಿದ್ಯೆ ಗೊತ್ತಿದ್ದ ಗಾರೆಯವರು ಕಡಿಮೆಯಾಗುತ್ತಿರುವುದು ನಿಜವಾದ ನಷ್ಟ.

ಬೆಳಗಿನ ಜಾವದ ‘ಢಬ್’ ಸದ್ದು ಬೇರೆ. ಮೋಟಾರು ನಿಂತ ಕೂಡಲೇ ಪೈಪಿನಲ್ಲಿ ಏರುತ್ತಿದ್ದ ನೀರು ಹಿಂದಕ್ಕೆ ಬಿದ್ದು ವಾಲ್ವಿಗೆ ಬಡಿಯುತ್ತದೆ. ಮೋಟಾರು ನಿಲ್ಲಿಸುವ ಹೊತ್ತು ಮತ್ತು ಸದ್ದಿನ ಹೊತ್ತು ಎರಡನ್ನೂ ನಾಲ್ಕು ದಿನ ಬರೆದಿಟ್ಟುಕೊಂಡರೆ ಭಯ ತಾನೇ ಹೋಗುತ್ತದೆ. ಪೈಪನ್ನು ಗೋಡೆಗೆ ಬಿಗಿಯಾಗಿ ಹಿಡಿಸಿ, ಸವೆದ ವಾಲ್ವನ್ನು ಬದಲಿಸಿದರೆ ಸದ್ದೂ ಹೋಗುತ್ತದೆ.

ಕೈಗೆ ಜುಂ ಎನ್ನುವ ನಲ್ಲಿ

ಇದನ್ನು ಮಾತ್ರ ಒಂದು ದಿನವೂ ಮುಂದೂಡಬಾರದು. “ನಲ್ಲಿ ಮುಟ್ಟಿದ್ರೆ ಜುಂ ಅಂತದೆ, ಚಪ್ಪಲಿ ಹಾಕ್ಕೊಂಡ್ರೆ ಏನೂ ಆಗಲ್ಲ” ಎಂದು ಹೇಳಿ, ಚಪ್ಪಲಿ ಹಾಕಿಕೊಂಡೇ ತಿಂಗಳುಗಟ್ಟಲೆ ಪಾತ್ರೆ ತೊಳೆಯುವ ಮನೆಗಳಿವೆ. ಹಳೆಯ ಬೋರ್ ಮೋಟಾರಿನ ವೈರಿನ ಹೊದಿಕೆ ಸವೆದಿರಬಹುದು, ಬಕೆಟ್ಟಿಗೆ ಇಳಿಸುವ ಹೀಟರ್ ಕೆಟ್ಟಿರಬಹುದು, ಅರ್ಥಿಂಗ್ ಗುಂಡಿ ಒಣಗಿ ಹೋಗಿರಬಹುದು. ಹೊಡೆತ ನಿಮ್ಮ ಮನೆಯದೇ ಆಗಿರಬೇಕಿಲ್ಲ. ಪಕ್ಕದವರ ಮೋಟಾರು ಓಡುವಾಗ ಮಾತ್ರ ಜುಂ ಎನ್ನುತ್ತದೆ ಎಂದು ಒಬ್ಬ ತಾಯಿ ಗಮನಿಸಿ ಹೇಳಿದ ಮಾತು, ಕಬ್ಬಿಣದ ಪೈಪಿನ ಮೂಲಕ ಬರುತ್ತಿದ್ದ ಸೋರಿಕೆಯನ್ನು ತಕ್ಷಣ ತೋರಿಸಿಕೊಟ್ಟಿತು.

ಬೋರ್ಡಿನಲ್ಲಿ ಎಂಸಿಬಿ ಇದೆ, ಹಾಗಾಗಿ ಭಯವಿಲ್ಲ ಎನ್ನುವವರು ಒಂದು ತಿಳಿಯಬೇಕು. ಎಂಸಿಬಿ ಕಾಯುವುದು ವೈರನ್ನು. ಮನುಷ್ಯರನ್ನು ಕಾಯುವುದು ಆರ್‌ಸಿಸಿಬಿ. ನೆಲಕ್ಕೆ 30 ಮಿಲಿಆಂಪಿಯರ್ ಸೋರಿದ ಕೂಡಲೇ ಅದು ಕರೆಂಟು ಕಡಿಯುತ್ತದೆ. ಒಂದೆರಡು ಸಾವಿರ ರೂಪಾಯಿಯ ಆಸುಪಾಸಿನ ವಸ್ತು ಅದು. ಅದರ ಮೇಲಿನ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ಬಟ್ಟೆ ಒಣಗಿಸುವ ತಂತಿಯನ್ನು ಸರ್ವಿಸ್ ವೈರ್ ಹಿಡಿದ ಕಬ್ಬಿಣದ ಪೈಪಿಗೆ ಕಟ್ಟಬಾರದು, ತಗಡಿನ ಸೂರಿಗೆ ಆ ವೈರ್ ಉಜ್ಜದಂತೆ ನೋಡಿಕೊಳ್ಳಬೇಕು. ಮಳೆಗಾಲ ಬಂದಾಗಲೆಲ್ಲ ಒದ್ದೆ ಬಟ್ಟೆ ಹರವಲು ಹೋಗಿ ಕರೆಂಟು ಹೊಡೆದು ಸತ್ತ ಹೆಣ್ಣುಮಕ್ಕಳ ಸುದ್ದಿ ಓದುತ್ತೇವೆ. ಆ ಸಾವುಗಳಲ್ಲಿ ಒಂದೂ ಆಗಬೇಕಾಗಿರಲಿಲ್ಲ.

ಅರಳಿ ಸಸಿ, ಮುಚ್ಚಿದ ಕಿಟಕಿ

ಮನೆಯ ಕೆಲವು ತೊಂದರೆಗಳು ನಂಬಿಕೆಯ ಜೊತೆ ಹೆಣೆದುಕೊಂಡಿರುತ್ತವೆ. ಹಕ್ಕಿ ಹಾಕಿದ ಬೀಜದಿಂದ ಪ್ಯಾರಾಪೆಟ್ಟಿನ ಸಂದಿಯಲ್ಲಿ ಅರಳಿ ಸಸಿ ಹುಟ್ಟುತ್ತದೆ. ಕೀಳಲು ಮನಸ್ಸು ಬಾರದೆ ಬಿಡುತ್ತಾರೆ, ಕೆಲವರು ಅರಿಶಿನ ಕುಂಕುಮವನ್ನೂ ಇಡುತ್ತಾರೆ. ಬೇರು ದಪ್ಪವಾಗುತ್ತಾ ಗೋಡೆಯನ್ನು ಸೀಳುತ್ತದೆ, ಆ ಸೀಳಿನಿಂದ ಮಳೆನೀರು ಇಳಿಯುತ್ತದೆ. ನಾಲ್ಕೆಲೆಯ ಸಸಿಯಾಗಿದ್ದಾಗಲೇ ಬೇರು ಸಮೇತ ಬಿಡಿಸಿ, ಕುಂಡದಲ್ಲಿ ಬೆಳೆಸಿ, ಕೆರೆ ಏರಿಯ ಮೇಲೋ ಗುಡಿಯ ಕಟ್ಟೆಯಲ್ಲೋ ನೆಡಿ ಎಂದು ನಾನು ಹೇಳುತ್ತೇನೆ. ಜನ ಸಂತೋಷದಿಂದ ಒಪ್ಪುತ್ತಾರೆ. ಮರಕ್ಕೂ ಅದೇ ಸರಿಯಾದ ಜಾಗ.

ವಾಸ್ತು ನೋಡಿ ಮುಚ್ಚಿದ ಕಿಟಕಿಗಳ ವಿಷಯ ಅಷ್ಟು ಸುಲಭವಲ್ಲ. ಗಾಳಿ ಬರುವ ದಿಕ್ಕಿನ ಕಿಟಕಿಯನ್ನೇ ಇಟ್ಟಿಗೆ ಕಟ್ಟಿ ಮುಚ್ಚಿದ ಅಡುಗೆಮನೆಯಲ್ಲಿ ಆವಿ ಹೊರಹೋಗದೆ ಮೂಲೆಗಳಲ್ಲಿ ಕಪ್ಪು ಬೂಷ್ಟು ಹಿಡಿಯುತ್ತದೆ. ಮನೆಯ ಮಗು ಕೆಮ್ಮುತ್ತದೆ. ನಂಬಿಕೆಯ ಬಗ್ಗೆ ವಾದಕ್ಕಿಳಿಯದೆ, ಬಾಗಿಲು ಕಿಟಕಿಯ ಆಯ ಕೆಡದಂತೆ ಮೇಲೆ ಸೂರಿನ ಹತ್ತಿರ ಒಂದಡಿಯ ಗಾಳಿಗೂಡು ಬಿಡಿಸಿಕೊಡಬಹುದು. ಉಸಿರಾಡುವ ಗಾಳಿಗೆ ಯಾವ ಶಾಸ್ತ್ರವೂ ಅಡ್ಡಿಯಿಲ್ಲ.

ಸರ್ಕಾರ ಕಟ್ಟಿಸಿಕೊಟ್ಟ ಮನೆ

ತಮಿಳುನಾಡಿನಲ್ಲಿ 2010ರಿಂದ ಗುಡಿಸಲುಗಳನ್ನು ಕಾಂಕ್ರೀಟು ಮನೆಯಾಗಿಸುವ ಯೋಜನೆಗಳು ಒಂದರ ಹಿಂದೆ ಒಂದು ಬಂದಿವೆ. 2011ರಲ್ಲಿ ಬಂದ ಸೌರ ದೀಪದ ಹಸಿರು ಮನೆಗಳು 300 ಚದರಡಿಯವು. 2024ರಿಂದ ಕಟ್ಟಿಸುತ್ತಿರುವ ಕಲೈಞರ್ ಕನವು ಇಲ್ಲಂ ಮನೆಗಳು 360 ಚದರಡಿಯವು. ಪ್ರತಿ ವರ್ಷ ಗರಿ ಹೊದಿಸುವ ಕಷ್ಟದಿಂದ, ಬೆಂಕಿಯ ಭಯದಿಂದ ಬಡವರನ್ನು ಬಿಡಿಸಿದ ಕೆಲಸ ಇದು, ಅದರ ಬೆಲೆ ದೊಡ್ಡದು. ಆದರೆ ಗುಡಿಸಲಿಗೆ ಅಗಲವಾದ ಸೂರಂಚು ಇತ್ತು, ಗೋಡೆಗೆ ಮಳೆ ತಾಗುತ್ತಿರಲಿಲ್ಲ. ಈ ಚಿಕ್ಕ ಮನೆಗಳಿಗೆ ಸಜ್ಜೆ ಬಿಟ್ಟರೆ ಬೇರೆ ನೆರಳಿಲ್ಲ. ತಾರಸಿಯ ನೀರು ಹೋಗಲು ಒಂದೋ ಎರಡೋ ಕೊಳವೆ. ಆ ತಾರಸಿಯೇ ಮನೆಯ ಉಗ್ರಾಣವೂ ಹೌದು. ಹುಣಸೆಹಣ್ಣು ಒಣಗುವುದು ಅಲ್ಲಿ, ಟೊಮೆಟೊ ಕ್ರೇಟು ಪೇರಿಸುವುದು ಅಲ್ಲಿ, ತೆಂಗಿನ ಗರಿ, ರಾಗಿ ಹುಲ್ಲು, ಸೌದೆ ಎಲ್ಲವೂ ಅಲ್ಲಿ. ಕೊಳವೆಯ ಬಾಯಿಗೆ ಕಸ ಕಟ್ಟಿ, ಹಿಂಗಾರು ಮಳೆಯ ನೀರು ದಿನಗಟ್ಟಲೆ ತಾರಸಿಯ ಮೇಲೆ ನಿಲ್ಲುತ್ತದೆ. ಮನೆ ಸೋರುತ್ತದೆ.

ಈ ಮನೆಗಳನ್ನು ಕಟ್ಟುವಾಗ ಹಂತ ಹಂತಕ್ಕೂ ಅಧಿಕಾರಿಗಳು ಬಂದು ನೋಡುತ್ತಾರೆ, ಹಣ ಬಿಡುಗಡೆಯಾಗಬೇಕಾದ್ದರಿಂದ. ಕೊನೆಯ ಕಂತು ಬಂದ ಮೇಲೆ ನೋಡುವ ವ್ಯವಸ್ಥೆ ಇಲ್ಲ. ದೊಡ್ಡ ಬಡಾವಣೆಯ ಫ್ಲ್ಯಾಟ್ ಕೊಂಡವರಿಗೆ 2016ರ ರೇರಾ ಕಾನೂನು ಐದು ವರ್ಷದ ರಕ್ಷಣೆ ಕೊಡುತ್ತದೆ. ಕಟ್ಟಡದ ದೋಷವನ್ನು ದೂರು ಬಂದ 30 ದಿನದೊಳಗೆ ಕಟ್ಟಿದವರೇ ತಮ್ಮ ಖರ್ಚಿನಲ್ಲಿ ಸರಿಪಡಿಸಬೇಕು. ಬಾಯಿಮಾತಿನ ಮೇಲೆ ಮೇಸ್ತ್ರಿಯಿಂದ ಕಟ್ಟಿಸಿಕೊಂಡ ರೈತನಿಗೆ, ಯೋಜನೆಯ ಮನೆ ಪಡೆದ ಕೂಲಿಯವರಿಗೆ ಆ ಕಾನೂನು ತಲುಪುವುದಿಲ್ಲ. ಅವರು ಸಂಘದಲ್ಲಿ ಸಾಲ ತೆಗೆದು ಬಣ್ಣ ಹೊಡೆಸುತ್ತಾರೆ. ತೊಂದರೆ ಒಂದು ಮಳೆಗಾಲ ಮರೆಯಾಗಿ ಮತ್ತೆ ಬರುತ್ತದೆ, ಸಾಲ ಉಳಿಯುತ್ತದೆ. ನನ್ನ ಮನಸ್ಸಿಗೆ ನೋವು ಕೊಡುವುದು ಇದೇ.

ಹಾಗಾಗಿ ಎರಡು ಕೆಲಸ ಆಗಬೇಕು. ಮೊದಲನೆಯದು ಮನೆಯವರದು. ಪ್ರತಿ ವರ್ಷ ಹಿಂಗಾರಿಗೆ ಮುನ್ನ, ಸೆಪ್ಟೆಂಬರಿನ ಒಂದು ಭಾನುವಾರ, ಮನೆಯ ಸುತ್ತ ಒಮ್ಮೆ ನಡೆಯಿರಿ. ತಾರಸಿಯ ಕೊಳವೆ ಬಿಡಿಸಿ. ಬಿರುಕು ಕಂಡರೆ ಅದರ ಎರಡು ತುದಿಗೂ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಕು ಬರೆಯಿರಿ. ಆರು ತಿಂಗಳಾದರೂ ಗೆರೆ ದಾಟದ ಬಿರುಕಿಗೆ ಹೆದರಬೇಕಿಲ್ಲ, ದಾಟಿ ಬೆಳೆದದ್ದನ್ನು ತಡ ಮಾಡದೆ ತೋರಿಸಿ. ಆರ್‌ಸಿಸಿಬಿ ಗುಂಡಿ ಒತ್ತಿ ನೋಡಿ. ಹಗೇವು, ಹಳೆ ಬಾವಿ, ಕೊಟ್ಟಿಗೆ ಎಲ್ಲಿತ್ತೆಂದು ಹಿರಿಯರನ್ನು ಕೇಳಿ, ಮನೆಪತ್ರದ ಜೊತೆ ಒಂದು ಹಾಳೆಯಲ್ಲಿ ಬರೆದಿಡಿ.

ಎರಡನೆಯದು ಸರ್ಕಾರದ್ದು. ಪಂಚಾಯತಿ ಯೂನಿಯನ್ನಿನಲ್ಲಿ ಎಂಜಿನಿಯರುಗಳಿದ್ದಾರೆ, ಮೇಲ್ವಿಚಾರಕರಿದ್ದಾರೆ. ಮನೆ ಕಟ್ಟಿಸಿಕೊಟ್ಟ ಐದು ವರ್ಷದವರೆಗೆ, ವರ್ಷಕ್ಕೊಮ್ಮೆ ಮಳೆಗೆ ಮುನ್ನ ಅವರು ಆ ಮನೆಗಳಿಗೆ ಹೋಗಿ ನೋಡಿ, ಏನು ಮಾಡಬೇಕೆಂದು ಮನೆಯವರ ಭಾಷೆಯಲ್ಲಿ ಒಂದು ಚೀಟಿ ಬರೆದುಕೊಡಲಿ. ಲಕ್ಷಗಟ್ಟಲೆ ಖರ್ಚು ಮಾಡಿ ಕಟ್ಟಿದ ಮನೆಗೆ ಅಷ್ಟು ಹೊತ್ತು ಕೊಡುವುದು ದೊಡ್ಡದಲ್ಲ. ತನ್ನ ಮನೆಗೆ ಏನಾಗಿದೆಯೆಂದು ಸಾಲ ಮಾಡುವ ಮುನ್ನವೇ ತಿಳಿಯುವ ಹಕ್ಕು ಬೆಂಗಳೂರಿನ ಫ್ಲ್ಯಾಟಿನವರಿಗೆ ಇರುವಷ್ಟೇ ಪಾಲಕೋಡಿನ ಮೂರು ಸೆಂಟಿನವರಿಗೂ ಇದೆ.